ಬಾಯಿಬಡಕಿಯ ಎಡಗೈ

ಮಗ್ಗದ ಶೆಡ್ಡಿನ ಸಾಹುಕಾರ ಬಾಯಿಬಡಕಿಗೆ ಎರಡು ತಿಂಗಳ ಕೂಲಿ ಬಾಕಿ ಉಳಿಸಿಕೊಂಡಿದ್ದಾನೆ. ಕೇಳಿದರೆ, "ಚುಕ್ತಾ ಅಂತ ಅವಳೇ ಒಪ್ಕೊಂಡಿದ್ದಾಳಲ್ಲ" ಅನ್ನುತ್ತಾನೆ.

ಬಾಯಿಬಡಕಿ ಅನ್ನುವ ಹೆಸರು ಶೆಡ್ಡಿನವರು ಇಟ್ಟದ್ದು. ಮಗ್ಗಗಳ ಗದ್ದಲದಲ್ಲಿ ಪಕ್ಕದವರ ಕೂಗೂ ಕೇಳದು. ನೇಯುವ ನಾವೆಲ್ಲ ಕೈಯಲ್ಲೇ ಮಾತಾಡುವುದು. ಮುಷ್ಟಿ ಎತ್ತಿದರೆ ಮಗ್ಗ ನಿಲ್ಲಿಸು. ಅಂಗೈ ಅಡ್ಡಡ್ಡ ಆಡಿಸಿದರೆ ಇಲ್ಲ. ಇವಳು ಮಾತ್ರ ಕೈಯ ಜೊತೆ ಬಾಯಿಯನ್ನೂ ದುಡಿಸುವಳು. ಸಾಹುಕಾರನ ಮುಖಕ್ಕೇ ಬೈದು, ಸದ್ದಿನಲ್ಲಿ ಅವನಿಗೆ ಕೇಳಿಸದ್ದಕ್ಕೆ ಹಲ್ಲು ಕಿಸಿಯುವಳು. ನಮ್ಮ ಮುಷ್ಕರಗಳಲ್ಲಿ ಮೊದಲ ಗಂಟಲು ಅವಳದೇ.

ಲಕ್ವ ಹೊಡೆದು ಬಲಗೈ ಸೋತಿತು, ಮಾತು ಹೋಯಿತು. ಬುದ್ಧಿ ಹೋಗಲಿಲ್ಲ. ಹೇಳಬೇಕಾದ್ದೆಲ್ಲ ಒಳಗಿದೆ, ಪದ ನಾಲಿಗೆಗೆ ಹತ್ತದು. ಬರುವುದು "ಹೂಂ" ಒಂದೇ. ನೀರು ಬೇಕಾದರೂ ಹೂಂ, ಬೇಡವಾದರೂ ಹೂಂ. ಡಾಕ್ಟರು ಇದನ್ನು ಬಿಡಿಸಿ ಹೇಳಿದ್ದರು. ಆದರೂ ನೆಂಟರು ಬಂದು ಅವಳ ಕಿವಿಯಲ್ಲಿ ಅರಚುತ್ತಾರೆ, ಕೆಟ್ಟದ್ದು ಕಿವಿಯೇ ಎಂಬಂತೆ. ನಾದಿನಿಯಂತೂ ಎದುರಿಗೇ, "ಪಾಪ, ಈಗ ಕೂಸಿನ ಹಾಗೆ" ಎಂದಳು. ಯಾವ ಕೂಸೂ ಹಾಗೆ ದುರುಗುಟ್ಟಿ ನೋಡುವುದಿಲ್ಲ.

ಸಾಹುಕಾರನೂ ಬಂದ, ಬಾಡಿದ ಬಾಳೆಹಣ್ಣು ಹಿಡಿದು. ಅವಳ ಮೈದುನನನ್ನು ಸಾಕ್ಷಿಗೆ ಕೂರಿಸಿಕೊಂಡ.

"ನಿನ್ನ ಲೆಕ್ಕ ಎಲ್ಲಾ ಚುಕ್ತಾ ಆಯ್ತಲ್ಲಮ್ಮಾ?"

"ಹೂಂ."

"ಕೇಳಿಸ್ಕೊಂಡ್ಯೇನಪ್ಪಾ?"

"ಕೇಳಿಸ್ತು ಸಾಹುಕಾರ್ರೇ. ಅತ್ತಿಗೆ ಹೂಂ ಅಂದ್ರು."

ಮೈದುನನಿಗೆ ಶೆಡ್ಡಿನಲ್ಲಿ ಒಂದು ಕೆಲಸ ಬೇಕಿತ್ತು. ಅವನ ನಾಲಿಗೆ ಚೆನ್ನಾಗಿಯೇ ಹೊರಳಿತು.

ಅಷ್ಟು ಹೊತ್ತೂ ಮಂಚದ ಮೇಲೆ ಅವಳ ಎಡ ಅಂಗೈ ಅಡ್ಡಡ್ಡ ಆಡುತ್ತಿತ್ತು. ಅರ್ಧ ಆಯಸ್ಸು ಕೈಗೆ ಅಂಟಿಕೊಂಡಿದ್ದ ಶೆಡ್ಡಿನ ಮಾತು ಹೋಗಿರಲಿಲ್ಲ. ಸಾಹುಕಾರ, ನೊಣ ಓಡಿಸುತ್ತಿದ್ದಾಳೆ ಅಂದುಕೊಂಡನಂತೆ. ಶೆಡ್ಡಿನಲ್ಲೇ ತಲೆ ನರೆತ ಮನುಷ್ಯ. ಕಂಡೂ ಕಾಣದ ಕಣ್ಣಿಗೆ ಯಾವ ಡಾಕ್ಟರ ಹತ್ತಿರವೂ ಮದ್ದಿಲ್ಲ.

ಬಾಗಿಲಲ್ಲಿ ನಿಂತಿದ್ದ ಪಕ್ಕದ ಮಗ್ಗದವಳು ಇದನ್ನು ಕಂಡಳು. ಅವನು ಹೋದ ಮೇಲೆ ಒಳಬಂದು, "ಅಕ್ಕಾ, ಕೂಲಿ ಬಂತಾ?" ಎಂದು ಕೇಳಿ, ಸುಮ್ಮನೆ ಕಾದಳು.

ಬಾಯಿ ಹೂಂ ಅಂದಿತು. ಅಂಗೈ ಅಡ್ಡ ಆಡಿತು. ಆಮೇಲೆ ನಿಧಾನವಾಗಿ ಮುಷ್ಟಿ ಮೇಲೆದ್ದಿತು.

"ನಿಲ್ಲಿಸ್ತೀವಿ ಬಿಡಕ್ಕಾ," ಎಂದಳು ಅವಳು.

ನಾಳೆ ಮಗ್ಗಗಳು ನಿಲ್ಲುತ್ತವೆ. ಬಾಯಿಬಡಕಿಯನ್ನು ಕುರ್ಚಿಯಲ್ಲಿ ಕೂರಿಸಿ ಶೆಡ್ಡಿನ ಬಾಗಿಲಿಗೆ ತರುತ್ತೇವೆ. ಪಾಪ ಅನ್ನುವುದಾದರೆ ನೀವು ಮನೆಯಲ್ಲೇ ಬಿದ್ದಿರಿ. ಇಲ್ಲವಾದರೆ ಬನ್ನಿ. ಸಾಹುಕಾರನ ಎದುರಿಗೆ, ಅರಚದೆ, ಕೂಲಿ ಬಂತಾ ಎಂದು ಅವಳನ್ನೇ ಕೇಳಿ. ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಆ ಕೈ ನೋಡಿ. ನೋಡಿದ್ದನ್ನು ಅವನ ಮುಖಕ್ಕೇ ಹೇಳಿ.