ಸಾರವೆಯ ಮೇಲೆ ಅಜ್ಜಿ

ನಾನು ನಿಮ್ಮಷ್ಟೇ ಚಿಕ್ಕವಳಿದ್ದಾಗ ನಮ್ಮ ಮನೆ ಪರೇಲಿನ ಒಂದು ಚಾಳದಲ್ಲಿತ್ತು. ಮನೆಯೆಂದರೆ ಒಂದೇ ಖೋಲಿ. ಅದರಲ್ಲಿ ಅಜ್ಜಿ, ಅಪ್ಪ, ಅಕ್ಕ ಮತ್ತು ನಾನು. ನಾನು ಹುಟ್ಟಿದ ವರ್ಷವೇ ಅವ್ವ ತೀರಿಕೊಂಡಳಂತೆ. ಅಪ್ಪನ ತಾಯಿ, ಅಂದರೆ ನಮ್ಮ ಅಜ್ಜಿ, ಹದಿನೈದು ದಿನ ಇದ್ದು ಹೋಗುತ್ತೇನೆಂದು ವಿಜಾಪುರದ ಕಡೆಯ ಹಳ್ಳಿಯಿಂದ ಬಂದವಳು ತಿರುಗಿ ಹೋಗಲೇ ಇಲ್ಲ.

ಅಪ್ಪ ಮಿಲ್ಲಿನಲ್ಲಿ ನೂಲು ತೆಗೆಯುವ ಕೆಲಸದಲ್ಲಿದ್ದ. ಹತ್ತಿಯ ಧೂಳು ವರ್ಷಾನುಗಟ್ಟಲೆ ಎದೆಯಲ್ಲಿ ಕೂತು ಅವನಿಗೆ ದಮ್ಮು ಹತ್ತಿತು. ನಾನು ಮೂರನೆಯ ಇಯತ್ತೆಗೆ ಬರುವಷ್ಟರಲ್ಲಿ ಅವನು ಕೆಲಸ ಬಿಟ್ಟು ಗೋಡೆಗೆ ಒರಗಿ ಕೂರುವಂತಾಗಿದ್ದ. ಆಗ ಅಜ್ಜಿ ಬೈಕುಲ್ಲಾದ ಒಂದು ಖಾನಾವಳಿಯಲ್ಲಿ ಜೋಳದ ರೊಟ್ಟಿ ಬಡಿಯುವ ಕೆಲಸ ಸಿಕ್ಕಿತೆಂದು ಹೇಳಿದಳು. ಬೆಳಿಗ್ಗೆ ನಮ್ಮಿಬ್ಬರ ತಲೆ ಬಾಚಿ, ಅಪ್ಪನಿಗೆ ಕಷಾಯ ಕುಡಿಸಿ, ಮಡಿಕೆ ಬಿಚ್ಚಿದ ಇಳಕಲ್ ಸೀರೆ ಉಟ್ಟು, ಕಂಕುಳಲ್ಲಿ ಒಂದು ಬಟ್ಟೆಯ ಗಂಟು ಇಟ್ಟುಕೊಂಡು ಹೊರಡುತ್ತಿದ್ದಳು. ಸಂಜೆ ಅದೇ ಸೀರೆಯಲ್ಲಿ ಬರುತ್ತಿದ್ದಳು. ಗಂಟಿನಲ್ಲಿ ಬಿಸಿಯಾರದ ರೊಟ್ಟಿಗಳಿರುತ್ತಿದ್ದವು. ನಮ್ಮ ಅಜ್ಜಿ ಬಡಿದ ರೊಟ್ಟಿಯೆಂದು ನಾನು ನೆರೆಯ ಹುಡುಗಿಯರಿಗೆ ತುಣುಕು ಮುರಿದು ಕೊಡುತ್ತಿದ್ದೆ. ಅವಳ ಅಂಗೈ ಮರಳುಕಾಗದದಂತೆ ಒರಟಾಗಿತ್ತು. ಹಿಟ್ಟು ನಾದಿ ನಾದಿ ಹಾಗಾಗಿದೆ ಅನ್ನುತ್ತಿದ್ದಳು. ಕೈಗೆ ಸುಣ್ಣದ ವಾಸನೆ ಇರುತ್ತಿತ್ತು. ಅದು ಎಲೆ ಅಡಿಕೆಯ ಸುಣ್ಣ ಅನ್ನುತ್ತಿದ್ದಳು. ನಾವು ನಂಬಿದ್ದೆವು.

ಒಂದು ಮಧ್ಯಾಹ್ನ ಅಪ್ಪನಿಗೆ ಉಸಿರು ಸಿಕ್ಕಿಕೊಂಡಿತು. ಎದೆಯೊಳಗೆ ಸೀಟಿ ಊದಿದಂತೆ ಸದ್ದು. ತುಟಿ ನೀಲಿಯಾಗಿತ್ತು. ಚಾಳದ ಗಂಡಸರೆಲ್ಲ ಪಾಳಿಯ ಮೇಲಿದ್ದರು. ಪಕ್ಕದ ಖೋಲಿಯ ಮಾವಶಿ ದವಾಖಾನೆಗೆ ನಡೆಯಿರಿ ಎಂದು ಎಬ್ಬಿಸಲು ಬಂದರೆ ಅಪ್ಪ ಅವರ ಕೈ ಸರಿಸಿ, ನಮ್ಮವ್ವ ಬರಲಿ, ನಮ್ಮವ್ವನ್ನ ಕರೀರಿ ಎಂದಷ್ಟೇ ಹೇಳುತ್ತಿದ್ದ. ಅಕ್ಕ ಅವನ ಬೆನ್ನು ತಿಕ್ಕುತ್ತಲೇ ನನ್ನ ಕೈಗೆ ಬಸ್ಸಿನ ಚಿಲ್ಲರೆ ತುರುಕಿ, ಅಜ್ಜಿಯನ್ನು ಕರೆದುಕೊಂಡು ಬಾ ಎಂದು ಓಡಿಸಿದಳು.

ಖಾನಾವಳಿ ಸಿಕ್ಕಿತು. ಒಳಗೆ ಹೊಗೆ, ಸುಟ್ಟ ಜೋಳದ ಘಮ. ಒಲೆಯ ಮುಂದೆ ಇಬ್ಬರು ಹೆಂಗಸರು ಕೂತಿದ್ದರು. ಅವರಲ್ಲಿ ಅಜ್ಜಿ ಇರಲಿಲ್ಲ. ನಾನು ಅವಳ ಗುರುತು ಹೇಳಿದೆ. ಹಣೆಯ ಮೇಲೆ ಹಚ್ಚೆ, ಮೂಗಿನಲ್ಲಿ ಬೊಟ್ಟು. ಮಾಲೀಕರು ನನ್ನನ್ನೇ ನೋಡಿದರು.

"ಆಕಿ ಇಲ್ಲಿ ಕೆಲಸ ಮಾಡಂಗಿಲ್ಲವಾ. ದಿನಾ ಸಂಜಿಕ ರೊಟ್ಟಿ ಕೊಳ್ಳಾಕ ಬರ್ತಾಳ."

ಅವರು ಏನು ಹೇಳಿದರೆಂದು ನನಗೆ ತಿಳಿಯಲೇ ಇಲ್ಲ. ಇನ್ನೊಮ್ಮೆ ಕೇಳಿದೆ. ಅವರು ಹೊರಗೆ ಬಂದು, ರಸ್ತೆಯಾಚೆ ಮೇಲೇಳುತ್ತಿದ್ದ ಒಂದು ಬಿಲ್ಡಿಂಗ್ ತೋರಿಸಿದರು.

ಅದಕ್ಕೆ ಇನ್ನೂ ಗೋಡೆಗಳಿರಲಿಲ್ಲ. ಸುತ್ತಲೂ ಬಿದಿರು ಕಟ್ಟಿದ ಸಾರವೆ, ಅದಕ್ಕೆ ಅಡ್ಡಡ್ಡ ಬಿಗಿದ ಹಲಗೆಯ ದಾರಿ. ಆ ದಾರಿಯಲ್ಲಿ ಇರುವೆಗಳ ಹಾಗೆ ಹೆಂಗಸರು ತಲೆಯ ಮೇಲೆ ಬುಟ್ಟಿ ಹೊತ್ತು ಏರುತ್ತಿದ್ದರು. ನಾಲ್ಕನೆಯ ಮಹಡಿಯ ಎತ್ತರದಲ್ಲಿ, ಗಂಡಸರ ಹಳೆಯ ಅಂಗಿ ತೊಟ್ಟು, ಸೀರೆಯನ್ನು ಕಚ್ಚೆ ಹಾಕಿ ಉಟ್ಟ ಒಬ್ಬಳು ಒಂದೊಂದೇ ಹೆಜ್ಜೆ ಇಡುತ್ತಿದ್ದಳು. ತಲೆಯ ಸಿಂಬಿಯ ಮೇಲೆ ಒದ್ದೆ ಸಿಮೆಂಟಿನ ಬುಟ್ಟಿ. ಎಡಗಾಲನ್ನು ಸ್ವಲ್ಪ ಎಳೆದು ನಡೆಯುವ ನಡಿಗೆ. ಆ ನಡಿಗೆ ನನಗೆ ಗೊತ್ತಿತ್ತು. ನಮ್ಮ ಅಜ್ಜಿಗೆ ಆಗ ಅರವತ್ತು ದಾಟಿತ್ತು.

ಕೂಗಲು ಬಾಯಿ ತೆರೆದೆ. ಅಷ್ಟರಲ್ಲಿ ಹಿಂದಿನಿಂದ ಒಂದು ಕೈ ನನ್ನ ಬಾಯಿ ಮುಚ್ಚಿತು. ಮರಳು ಸೋಸುತ್ತಿದ್ದ ಹೆಂಗಸು.

"ಕೂಗಬ್ಯಾಡ ತಂಗಿ," ಅಂದಳು ಮೆಲ್ಲಗೆ. "ಬೆಚ್ಚಿದ್ರ ಕಾಲು ತಪ್ಪತೈತಿ."

ನಾನು ಸುಮ್ಮನೆ ನಿಂತೆ. ಮನೆಯಲ್ಲಿ ಅಪ್ಪನಿಗೆ ಉಸಿರಿಲ್ಲ, ಇಲ್ಲಿ ನಾನು ಕೂಗುವಂತಿಲ್ಲ. ಅಜ್ಜಿ ತುದಿಗೆ ಹೋಗಿ ಬುಟ್ಟಿ ಇಳಿಸಿದಳು. ತಿರುಗಿದಳು. ಇಳಿಯುವಾಗ ಒಂದು ಹಲಗೆ ಅವಳ ಕಾಲಡಿ ಬಾಗಿ ಮತ್ತೆ ಮೇಲೆದ್ದಿತು. ಅವಳು ಬಿದಿರು ಹಿಡಿದು ನಿಂತಳು, ಮತ್ತೆ ನಡೆದಳು. ನನ್ನ ಕಾಲೆಲ್ಲ ಒದ್ದೆಯಾಗಿದ್ದು ನನಗೆ ಆಮೇಲೆ ಗೊತ್ತಾಯಿತು.

ಕೆಳಗಿಳಿದ ಅಜ್ಜಿ ನನ್ನನ್ನು ಕಂಡಳು. ಯಾಕೆ ಬಂದೆ, ಹೇಗೆ ಬಂದೆ ಎಂದು ಕೇಳಲಿಲ್ಲ. "ಉಸಿರೈತೇನು?" ಎಂದಳು. ನಾನು ಹೌದೆಂದು ತಲೆಯಾಡಿಸಿದೆ. ಕೆಲಸ ಮಾಡಿಸುವ ಮುಕಾದಮ ಹಿಂದೆ ಕೂಗುತ್ತಿದ್ದರೂ ಅವಳು ಗಂಟು ಎತ್ತಿಕೊಂಡು ರಸ್ತೆಗೆ ನಡೆದು, ಟ್ಯಾಕ್ಸಿಗೆ ಅಡ್ಡ ನಿಂತಳು.

ನಾನು ಟ್ಯಾಕ್ಸಿ ಹತ್ತಿದ್ದು ಅದೇ ಮೊದಲು. ಅಜ್ಜಿ ಅಂಗಿ ತೆಗೆದು, ಗಂಟಿನಿಂದ ಇಳಕಲ್ ಸೀರೆ ಎಳೆದು, ಕೂತಲ್ಲೇ ಕೆಲಸದ ಸೀರೆಯ ಮೇಲೆ ಸುತ್ತಿಕೊಂಡಳು. ಹಣೆಯ ಸಿಮೆಂಟನ್ನು ಉಗುಳು ಹಚ್ಚಿ ಒರೆಸಿಕೊಂಡಳು. ಚಾಳ ತಲುಪುವಷ್ಟರಲ್ಲಿ ಅವಳು ಮತ್ತೆ ಖಾನಾವಳಿಯ ಅಜ್ಜಿಯಾಗಿದ್ದಳು. ಅವಳನ್ನು ಕಂಡದ್ದೇ ಅಪ್ಪ ಮಗುವಿನಂತೆ ಕೈ ಚಾಚಿದ.

ದವಾಖಾನೆಯಲ್ಲಿ ಅಪ್ಪನ ಮೂಗಿಗೆ ನಳಿಗೆ ಹಾಕಿದರು. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರರು ಅಂದರು. ಅಪ್ಪನಿಗೆ ನಿದ್ದೆ ಹತ್ತಿದ ಮೇಲೆ ಅಜ್ಜಿ ನನ್ನನ್ನು ವರಾಂಡಕ್ಕೆ ಕರೆದಳು.

"ನಿಮ್ಮಪ್ಪಗ ಹೇಳಬ್ಯಾಡ. ತಿಳೀತಂದ್ರ ತುತ್ತು ಅವನ ಗಂಟಲದಾಗ ಇಳಿಯಂಗಿಲ್ಲ."

ನಾನು ಅಪ್ಪನಿಗೂ ಹೇಳಲಿಲ್ಲ, ಅಕ್ಕನಿಗೂ ಹೇಳಲಿಲ್ಲ. ಆ ರೊಟ್ಟಿಯನ್ನು ಮಾತ್ರ ಮೊದಲಿನಂತೆ ತಿನ್ನಲಾಗಲಿಲ್ಲ. ನಾಲ್ಕು ದಿನ ಬಿಟ್ಟು ಅವಳು ಮತ್ತೆ ಗಂಟು ಹಿಡಿದು ಹೊರಟಳು. ನಾನು ಸೆರಗು ಹಿಡಿದೆ. ಅವಳು ಬೆರಳು ಒಂದೊಂದಾಗಿ ಬಿಡಿಸಿದಳು. ಶಾಲೆಯಲ್ಲಿ ಕಣ್ಣು ಮುಚ್ಚಿದರೆ ಆ ಹಲಗೆ ಬಾಗುತ್ತಿತ್ತು. ಅಪ್ಪ ಚೇತರಿಸಿಕೊಂಡು ಒಂದು ಗೋದಾಮಿನ ಬಾಗಿಲಲ್ಲಿ ಕೂತು ಮಾಡುವ ಕೆಲಸ ಹಿಡಿಯುವವರೆಗೆ, ಎರಡು ವರ್ಷ, ಹಾಗೇ ನಡೆಯಿತು. ಅಪ್ಪನಿಗೆ ಸಂಗತಿ ತಿಳಿಯಿತೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಒಂದು ಭಾನುವಾರ ಮಾತ್ರ ಅವನು ಅಜ್ಜಿಯ ಒಡೆದ ಅಂಗಾಲಿಗೆ ಎಣ್ಣೆ ತಿಕ್ಕುತ್ತಾ ಬಹಳ ಹೊತ್ತು ಕೂತಿದ್ದ.

ಈಗ ನೀವು ಹನ್ನೊಂದನೆಯ ಮಹಡಿಯಲ್ಲಿ ಬೆಳೆಯುತ್ತಿದ್ದೀರಿ. ಲಿಫ್ಟಿನ ಗುಂಡಿ ಒತ್ತಿದರೆ ಮನೆ ಬರುತ್ತದೆ. ನಿಮ್ಮ ಅಪ್ಪ ಅಮ್ಮ ಯಾವ ಸ್ಟೇಶನ್ ದಾಟಿದರೆಂಬುದೂ ನಿಮ್ಮ ಫೋನಿಗೆ ಗೊತ್ತು. ಎದುರಿಗೆ ಇನ್ನೊಂದು ಟವರ್ ಏಳುತ್ತಿದೆ. ಹಳದಿ ಟೊಪ್ಪಿಗೆಯವರು ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಅಷ್ಟೆತ್ತರದಲ್ಲಿ ನಡೆಯುವುದನ್ನು ನೋಡಿ ನೀವು ಬಾಲ್ಕನಿಯಿಂದ ಕೇಕೆ ಹಾಕುತ್ತೀರಿ. ಆಗ ನಾನು ಗದರಿಸಿ ನಿಮ್ಮನ್ನು ಒಳಗೆ ಎಳೆದುಕೊಳ್ಳುತ್ತೇನಲ್ಲ, ಅಜ್ಜಿಗೆ ಸಿಟ್ಟು ಬಂದಿದೆ ಅಂದುಕೊಳ್ಳುತ್ತೀರಿ. ಸಿಟ್ಟಲ್ಲ ಮಕ್ಕಳೇ. ಅವರು ಇಳಿಯುವವರೆಗೆ ಯಾರೂ ಕೂಗಬಾರದು.