ಬ್ಲೂಮಾ ಎತ್ತದ ಫೋನ್

ಬ್ಲೂಮಾ ಹೆರ್ಷ್‌ಕೋವಿಚ್ ಲೆಟಿಸ್ ಸೊಪ್ಪನ್ನು ಬೈದಷ್ಟು ಮನುಷ್ಯರನ್ನು ಬೈದವರಲ್ಲ. ಒಂದೊಂದೇ ಎಲೆ ಬಿಡಿಸಿ, ಉಪ್ಪುನೀರಿನಲ್ಲಿ ಅದ್ದಿ, ಕಿಟಕಿಯ ಬೆಳಕಿಗೆ ಹಿಡಿದು ಹುಳ ಹುಡುಕುತ್ತಿದ್ದರು. ಹುಳ ಸಿಕ್ಕರೆ ಬೈಗುಳ, ಸಿಗದಿದ್ದರೆ ಇನ್ನೂ ದೊಡ್ಡ ಬೈಗುಳ. ಒಹಾಯೊದ ಜೋಳದ ಹೊಲಗಳ ನಡುವಿನ ನಮ್ಮ ಸಣ್ಣ ಕಾಲೇಜಿನಲ್ಲಿ ಯಹೂದಿ ವಿದ್ಯಾರ್ಥಿಗಳಿಗೆ ಅಂತ ಒಂದು ಹಳೇ ಮನೆ ಇದೆ. ಅದರ ಅಡುಗೆಮನೆಯಲ್ಲಿ ಬೇಯುವುದೆಲ್ಲ ನಮ್ಮ ಕಟ್ಟಳೆಗೆ ಒಪ್ಪುವ ಹಾಗೆ ಇದೆಯೇ ಎಂದು ಇಪ್ಪತ್ತೊಂಬತ್ತು ವರ್ಷ ನೋಡಿಕೊಂಡವರು ಅವರು.

ಬಂದದ್ದು ಎರಡು ತಿಂಗಳ ಬದಲಿ ಕೆಲಸಕ್ಕೆ. ಕ್ಲೀವ್‌ಲ್ಯಾಂಡಿನ ಕಸಾಯಿಯೊಬ್ಬನ ಮಗಳು. ಗಂಡ ಝೆಲಿಗ್ ಮದುವೆಯಾದ ಆರನೇ ವರ್ಷಕ್ಕೆ ತೀರಿಕೊಂಡ, ಮಕ್ಕಳಾಗಲಿಲ್ಲ. "ಮಕ್ಕಳಿಲ್ಲ ಅಂತ ಯಾರಂದ್ರು? ಪ್ರತಿ ವರ್ಷ ಹೊಸ ಮೂವತ್ತು ಜನ ಬರ್ತಾರೆ, ಒಬ್ಬರಿಗೂ ಪಾತ್ರೆ ತೊಳೆಯೋಕೆ ಬರಲ್ಲ" ಅನ್ನುತ್ತಿದ್ದರು. ನಾನೂ ಆ ಮೂವತ್ತರಲ್ಲಿ ಒಬ್ಬಳಾಗಿದ್ದೆ. ಓದು ಮುಗಿದ ಮೇಲೆ ಇದೇ ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಿ, ಶುಕ್ರವಾರ ಸಂಜೆಯ ಸಬ್ಬತ್ತಿನ, ಅಂದರೆ ನಮ್ಮ ವಾರದ ವಿಶ್ರಾಂತಿ ದಿನದ, ಊಟಕ್ಕೆ ಅದೇ ಮೇಜಿನ ಮೂಲೆಯಲ್ಲಿ ಕೂರುತ್ತಾ ಬಂದೆ. ನನಗೂ ಪಾತ್ರೆ ತೊಳೆಯೋದು ಸರಿಯಾಗಿ ಬರಲಿಲ್ಲ.

ಎನ್ವೆರ್ ಹಾಜಿಚ್ ಆ ಮನೆಗೆ ಬಂದದ್ದು ಹಸಿವಿನಿಂದ. ಬೋಸ್ನಿಯಾದಿಂದ ಓಡಿಬಂದು ಸೇಂಟ್ ಲೂಯಿಸಿನಲ್ಲಿ ನೆಲೆಸಿದ ಮುಸ್ಲಿಂ ಮನೆತನದ ಹುಡುಗ. ತಂದೆ ಇಲ್ಲ, ತಾಯಿ ಬೇಕರಿಯಲ್ಲಿ ದುಡಿಯುತ್ತಿದ್ದಳು. ಕಾಲೇಜಿನ ಊಟದ ಹಾಲಿನಲ್ಲಿ ಅವನು ತಿನ್ನಬಹುದಾದ ಮಾಂಸ ಇರಲಿಲ್ಲ. ದೇವರ ಹೆಸರು ಹೇಳಿ ಕೊಯ್ದದ್ದು, ಹಂದಿ ಸೋಕದ್ದು ಎಂದರೆ ನಮ್ಮ ಮನೆಯದೊಂದೇ. ಮೊದಲ ಶುಕ್ರವಾರ ತಿಂದ. ಎರಡನೆಯ ಶುಕ್ರವಾರ ತಿಂದು, "ಈರುಳ್ಳಿ ಇನ್ನೂ ಬಾಡಬೇಕಿತ್ತು" ಅಂದ. ಬ್ಲೂಮಾ ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಏನಂದೆ?"

"ಈರುಳ್ಳಿ. ನೀವು ಅವಸರ ಮಾಡ್ತೀರ ತೆತ್ಕಾ."

ತೆತ್ಕಾ ಅಂದರೆ ಅವರ ಕಡೆ ಅತ್ತೆ. ಆ ಒಂದು ಮಾತಿಗೆ ಬ್ಲೂಮಾ ಕರಗಿದರು ಅಂತ ನನ್ನ ಗುಮಾನಿ. ಮುಂದಿನ ಶುಕ್ರವಾರದಿಂದ ಎನ್ವೆರ್ ಮಧ್ಯಾಹ್ನ ಎರಡಕ್ಕೆ ಹಿಂಬಾಗಿಲಿನಿಂದ ಬರುತ್ತಿದ್ದ. ಒಲೆ ಹೊತ್ತಿಸುವ ಕೈ ಮಾತ್ರ ಯಹೂದಿಯದಾಗಿರಬೇಕು, ಆಮೇಲೆ ಸೌಟು ಯಾರ ಕೈಲಿದ್ದರೂ ನಮ್ಮವರ ಕಟ್ಟಳೆಗೆ ಅಡ್ಡಿಯಿಲ್ಲ. ಬ್ಲೂಮಾ ಆರೂ ಒಲೆಗಳನ್ನು ಹೊತ್ತಿಸಿ ಸ್ಟೂಲಿನ ಮೇಲೆ ಸೊಪ್ಪು ಹಿಡಿದು ಕೂರುವರು. ಇವನು ಬೇಯಿಸುವನು. ಹೀಗೆ ಎರಡೂವರೆ ವರ್ಷ ನಾವು ಉಂಡ ಸಬ್ಬತ್ತಿನ ಊಟ ಮುಸ್ಲಿಂ ಹುಡುಗನ ಕೈಯಡುಗೆ. ಅವನ ಹಿಂದೆ ಇನ್ನೂ ಏಳೆಂಟು ಮುಸ್ಲಿಂ ವಿದ್ಯಾರ್ಥಿಗಳು ಊಟಕ್ಕೆ ಬರತೊಡಗಿದರು.

ಅದೇ ಹೊತ್ತಿಗೆ ಕಾಲೇಜಿನ ಡೀನ್ ಕಚೇರಿಯವರು ತಿಂಗಳಿಗೊಮ್ಮೆ ಸರ್ವಧರ್ಮ ಸಂವಾದ ನಡೆಸುತ್ತಿದ್ದರು. ಕುರ್ಚಿಗಳನ್ನು ಗುಂಡಗೆ ಹಾಕಿ, ಎದೆಗೆ ಹೆಸರಿನ ಚೀಟಿ ಅಂಟಿಸಿ, ಒಬ್ಬೊಬ್ಬರೂ "ಒಬ್ಬ ಯಹೂದಿಯಾಗಿ ನನಗೆ", "ಒಬ್ಬ ಮುಸ್ಲಿಮನಾಗಿ ನನಗೆ" ಎಂದು ಶುರುಮಾಡಬೇಕು. ಬ್ಲೂಮಾ ಒಂದೇ ಸಲ ಹೋದರು. "ಒಬ್ಬ ಅಡುಗೆಯವಳಾಗಿ ನಂಗೆ ಈ ಬಿಸ್ಕತ್ತು ಹಳಸಿದೆ ಅನ್ಸುತ್ತೆ" ಎಂದು ಎದ್ದು ಬಂದರು.

ಅಡುಗೆಮನೆಯಲ್ಲಿ ಸಂವಾದ ಬೇರೆ ತರಹ ನಡೆಯುತ್ತಿತ್ತು. ಒಂದು ಮಧ್ಯಾಹ್ನ ನಾನೂ ಅಲ್ಲೇ ಕೂತು ಕ್ಯಾರೆಟ್ ಹೆರೆಯುತ್ತಿದ್ದೆ. ಸಬ್ಬತ್ತಿನ ದೀಪ ಹಚ್ಚಿದ ಮೇಲೆ ಮಾರನೆಯ ಸಂಜೆ ನಕ್ಷತ್ರ ಕಾಣುವವರೆಗೆ ನಾವು ಫೋನು ಮುಟ್ಟುವುದಿಲ್ಲ. ಎನ್ವೆರ್ ಅದನ್ನೇ ಕೆಣಕುತ್ತಿದ್ದ.

"ತೆತ್ಕಾ, ಶುಕ್ರವಾರ ಸಂಜೆ ನಾನು ಸಾಯೋ ಹಾಗಾದ್ರೆ ನಿಮಗೆ ಹೇಗೆ ತಿಳಿಸ್ಲಿ?"

"ಭಾನುವಾರ ಸಾಯಿ."

"ತಮಾಷೆ ಅಲ್ಲ, ಹೇಳಿ."

ಬ್ಲೂಮಾ ಎಲೆ ಕೆಳಗಿಟ್ಟರು. "ಎರಡು ಸಲ ಗಂಟೆ ಆಗ್ಲಿ, ಇಟ್ಬಿಡು. ಮತ್ತೆ ಎರಡು ಸಲ, ಇಟ್ಬಿಡು. ಮೂರನೇ ಸಲ ಮಾಡು, ನಾನು ಎತ್ತೀನಿ. ಜೀವದ ಮಾತು ಬಂದಾಗ ಸಬ್ಬತ್ತು ಅಡ್ಡ ಬರಲ್ಲ. ಇದು ನಂದಲ್ಲ, ಶಾಸ್ತ್ರದ ಮಾತು."

ನಾನು ನಕ್ಕೆ. ಕ್ಯಾರೆಟ್ ಮುಗಿಯುವಷ್ಟರಲ್ಲಿ ಮರೆತೂ ಬಿಟ್ಟೆ.

ಆ ಫೆಬ್ರವರಿಯಲ್ಲಿ ನಮ್ಮ ಅಡುಗೆಮನೆಗೆ ಶುದ್ಧತೆಯ ಪ್ರಮಾಣಪತ್ರ ಕೊಡುವ ಸಂಸ್ಥೆಯಿಂದ ಕಾಗದ ಬಂತು. ಮೇಲ್ವಿಚಾರಕರು ಅಡುಗೆಯನ್ನು ಹೊರಗಿನವರ ಕೈಗೆ ಬಿಟ್ಟಿದ್ದಾರೆಂದು ಯಾರೋ ದೂರು ಕೊಟ್ಟಿದ್ದರು. ಪರೀಕ್ಷಕರೊಬ್ಬರು ಬಂದು ಸಬ್ಬತ್ತಿಗೆ ನಮ್ಮಲ್ಲೇ ಉಳಿಯುವವರಿದ್ದರು. ಪ್ರಮಾಣಪತ್ರ ಹೋದರೆ ಅಡುಗೆಮನೆಗೆ ಬೀಗ ಬೀಳುತ್ತಿತ್ತು. ಬ್ಲೂಮಾ ಎನ್ವೆರ್‌ನನ್ನು ಕರೆದು, "ಈ ಒಂದು ಶುಕ್ರವಾರ ನೀನು ಬರಬೇಡ ಮಗ" ಅಂದರು. ಅವನು "ಆಯ್ತು ತೆತ್ಕಾ, ಈರುಳ್ಳಿ ಮಾತ್ರ ಅವಸರ ಮಾಡಬೇಡಿ" ಅಂದ. ಅವನ ಮುಖ ಚಿಕ್ಕದಾದದ್ದನ್ನು ನಾನು ನೋಡಿದೆ.

ಆ ಶುಕ್ರವಾರ ಚಳಿಗಾಲದ ರಜೆಯೂ ಶುರುವಾಗಿತ್ತು. ಕಾರಿದ್ದವರೆಲ್ಲ ಮಧ್ಯಾಹ್ನವೇ ಊರಿಗೆ ಹೊರಟಿದ್ದರು. ಮೇಜಿನ ಸುತ್ತ ಹನ್ನೆರಡೇ ಜನ, ನಡುವೆ ಪರೀಕ್ಷಕರು, ಅಚ್ಚುಕಟ್ಟಾದ ಗಡ್ಡದ ಮೆಲುಮಾತಿನ ಮನುಷ್ಯ. ದೀಪ ಹಚ್ಚಿ, ದ್ರಾಕ್ಷಾರಸದ ಮೇಲೆ ಮಂತ್ರ ಹೇಳಿ, ರೊಟ್ಟಿ ಮುರಿದಿದ್ದೆವು. ನಮ್ಮಲ್ಲಿ ಅಡುಗೆಮನೆ, ಊಟದ ಮನೆ ಎರಡೂ ಒಂದೇ ಕೋಣೆ. ಹಿಂಬಾಗಿಲ ಪಕ್ಕದ ಗೋಡೆಯಲ್ಲಿ ಫೋನ್, ಅದರ ಕೆಳಗಿನ ಮೊಳೆಯಲ್ಲಿ ಬ್ಲೂಮಾ ಅವರ ನೀಲಿ ಕಾರಿನ ಬೀಗದ ಕೈ.

ಫೋನ್ ಎರಡು ಸಲ ಹೊಡೆದುಕೊಂಡು ನಿಂತಿತು. ಯಾರೂ ತಲೆ ಎತ್ತಲಿಲ್ಲ. ಮತ್ತೆ ಎರಡು ಸಲ ಹೊಡೆದು ನಿಂತಿತು. ಮೂರನೆಯ ಸಲ ಹೊಡೆಯಿತು, ಹೊಡೆಯುತ್ತಲೇ ಇತ್ತು. ನನಗೆ ಏನೋ ನೆನಪಾದ ಹಾಗಾಗಿ, ಏನೆಂದು ತಿಳಿಯದೆ ಅರ್ಧ ಎದ್ದೆ. ಬ್ಲೂಮಾ ನನ್ನ ಮಣಿಕಟ್ಟಿನ ಮೇಲೆ ಕೈ ಇಟ್ಟರು.

"ಕೂತ್ಕೋ ಶಿಫ್ರಾ. ಸಬ್ಬತ್ತು."

ಕೂತೆ. ಫೋನು ಸುಮ್ಮನಾಯಿತು. ಪರೀಕ್ಷಕರು ಕೋಳಿ ಸಾರು ತುಂಬ ಚೆನ್ನಾಗಿದೆ ಅಂದರು.

ಭಾನುವಾರ ತಿಳಿಯಿತು. ಎನ್ವೆರ್‌ನ ತಾಯಿ ಶುಕ್ರವಾರ ಸಂಜೆ ಬೇಕರಿಯಲ್ಲಿ ಕುಸಿದು ಬಿದ್ದಿದ್ದಳು. ಅಣ್ಣನ ಫೋನು ಬಂದಾಗ ಊರಿನ ಕೊನೆಯ ಬಸ್ಸು ಹೋಗಿಯಾಗಿತ್ತು. ಸೇಂಟ್ ಲೂಯಿಸಿಗೆ ಕಾರಿನಲ್ಲಿ ಒಂಬತ್ತು ಗಂಟೆ ದಾರಿ. ತರಕಾರಿ ತರಲು ಆ ನೀಲಿ ಕಾರನ್ನು ನೂರು ಸಲ ಓಡಿಸಿದ್ದ ಹುಡುಗ ಹೆದ್ದಾರಿಗೆ ನಡೆದು, ಬೆಳಿಗ್ಗೆ ಒಬ್ಬ ಲಾರಿಯವನ ಕೈಕಾಲು ಹಿಡಿದು ಹೊರಟ. ತಾಯಿ ಶನಿವಾರ ಮಧ್ಯಾಹ್ನದವರೆಗೆ ಎಚ್ಚರವಾಗಿದ್ದು ಅವನನ್ನು ಕೇಳಿದಳಂತೆ. ಅವನು ತಲುಪಿದ್ದು ಸಂಜೆಗೆ, ಹೆಣ ತೊಳೆಯುವ ಹೊತ್ತಿಗೆ.

ನನಗೆ ಆಗ ಎರಡು ಸಲ ಗಂಟೆ, ಮತ್ತೆ ಎರಡು ಸಲ, ಮೂರನೆಯ ಸಲ ಎತ್ತುವುದು, ಎಲ್ಲ ನೆನಪಾಯಿತು. ಬ್ಲೂಮಾ ಅವರಿಗೂ ನನ್ನ ಹಾಗೆ ಮರೆತಿರಬೇಕು ಅಂದುಕೊಂಡೆ. ಕೇಳುವ ಧೈರ್ಯ ಬರಲಿಲ್ಲ, ಅದಕ್ಕೆ ನನಗೆ ಇವತ್ತಿಗೂ ನನ್ನ ಮೇಲೆ ಸಿಟ್ಟಿದೆ.

ಎನ್ವೆರ್ ತಿರುಗಿ ಕಾಲೇಜಿಗೆ ಬಂದ, ನಮ್ಮ ಮನೆಗೆ ಬರಲಿಲ್ಲ. ಬ್ಲೂಮಾ ಎದುರಾದರೆ ಹುಲ್ಲುಹಾಸಿನ ಆಚೆ ಬದಿಗೆ ದಾಟುತ್ತಿದ್ದ. ಅವನ ಹಿಂದೆ ಬಂದಿದ್ದ ಏಳೆಂಟು ಮಂದಿಯೂ ನಿಂತರು. ಡೀನ್ ಕಚೇರಿಯವರಿಗೆ ಆತಂಕವಾಯಿತು. ಮುಸ್ಲಿಂ ವಿದ್ಯಾರ್ಥಿಗಳು ಯಹೂದಿಗಳ ಮೇಜನ್ನು ಯಾಕೆ ಬಿಟ್ಟರು ಎಂಬುದರ ಮೇಲೆ ಮೂರು ಸಂವಾದ ಇಟ್ಟರು. ದೂರದ ಊರಿಂದ ಪಂಡಿತರು ಬಂದು ಸಾವಿರ ವರ್ಷದ ಚರಿತ್ರೆ ಬಿಡಿಸಿದರು, ಯುದ್ಧಗಳ ಭೂಪಟ ತೋರಿಸಿದರು. ಗೋಡೆಯ ಮೇಲಿನ ಒಂದು ಫೋನಿನ ವಿಷಯ ಯಾರ ಬಾಯಲ್ಲೂ ಬರಲಿಲ್ಲ. ನಾನು ಎದೆಗೆ ಚೀಟಿ ಅಂಟಿಸಿಕೊಂಡು ಮೂರಕ್ಕೂ ಹೋಗಿ ಬಾಯಿ ಮುಚ್ಚಿಕೊಂಡು ಬಂದೆ.

ಬ್ಲೂಮಾ ಶುಕ್ರವಾರ ಎರಡು ಗಂಟೆಗೆ ಆರೂ ಒಲೆ ಹೊತ್ತಿಸುವುದನ್ನು ಬಿಡಲಿಲ್ಲ. ಒಬ್ಬರೇ ಬೇಯಿಸಲು ಮೂರು ಸಾಕಾಗಿತ್ತು. ಉಳಿದವು ಬರಿದೇ ಉರಿಯುತ್ತಿದ್ದವು. ಸೊಪ್ಪು ಹಿಡಿದು ಹಿಂಬಾಗಿಲ ಕಡೆ ನೋಡುತ್ತಾ ಕೂರುವರು. ಈರುಳ್ಳಿಯನ್ನು ಮಾತ್ರ ಅವಸರ ಮಾಡದೆ ಬಾಡಿಸುತ್ತಿದ್ದರು. ಆ ಹುಡುಗ ಒಂದು ಸಲ ಆ ಬಾಗಿಲಲ್ಲಿ ಬಂದು ನಿಂತರೆ ಸಾಕು ಎಂಬುದು ಬಿಟ್ಟರೆ ಅವರಿಗೆ ಬೇರೆ ಆಸೆ ಉಳಿದಿರಲಿಲ್ಲ. ಮುಂದಿನ ವರ್ಷ ಅವನು ಓದು ಮುಗಿಸಿ ಊರಿಗೆ ಹೋದ.

ನಮ್ಮಲ್ಲಿ ಮಹಾ ಉಪವಾಸದ ದಿನಕ್ಕೆ ಮೊದಲು ನೋಯಿಸಿದವರ ಹತ್ತಿರ ಹೋಗಿ ಕ್ಷಮೆ ಕೇಳಬೇಕು. ಮನುಷ್ಯನ ಮೇಲೆ ಮಾಡಿದ ತಪ್ಪನ್ನು ಆ ಮನುಷ್ಯ ಮನ್ನಿಸದೆ ದೇವರು ಮನ್ನಿಸುವುದಿಲ್ಲ. ಆದರೆ ಮೂರು ಸಲ ಕೇಳಿಯೂ ಎದುರಿನವರು ಕೊಡದಿದ್ದರೆ ಕೇಳಿದವರಿಗೆ ಬಿಡುಗಡೆ. ಬ್ಲೂಮಾ ಮೂರು ವರ್ಷ ಮೂರು ಕಾಗದ ಹಾಕಿದರು. ಉತ್ತರ ಬರಲಿಲ್ಲ. ಅಷ್ಟರಲ್ಲಿ ಅವರಿಗೆ ಲಕ್ವ ಹೊಡೆದು, ಬಲಗೈ ಬಿದ್ದುಹೋಗಿ, ಊರಾಚೆಯ ವೃದ್ಧಾಶ್ರಮಕ್ಕೆ ಸೇರಿದ್ದರು. ನಾಲ್ಕನೆಯ ವರ್ಷ ನಾನು ಸಮಾಧಾನ ಹೇಳಲು ಹೋದೆ.

"ಮೂರು ಸಲ ಕೇಳಿದ್ದೀರಿ. ಇನ್ನು ನಿಮ್ಮ ಮೇಲೆ ಋಣ ಇಲ್ಲ."

"ಕೇಳಿಲ್ಲ ಕಣೇ."

"ನಾನೇ ಅಂಚೆಗೆ ಹಾಕಿದೀನಲ್ಲ!"

"ಏನು ಬರೆದಿದ್ದೆ ಗೊತ್ತಾ? ಎಲ್ಲರಿಗೂ ಬರೆಯೋದನ್ನೇ. ತಿಳಿದೋ ತಿಳಿಯದೆಯೋ ನಿನ್ನ ಮನಸ್ಸು ನೋಯಿಸಿದ್ರೆ ಅಂತ. ನೋಯಿಸಿದ್ರೆ! ಮೂರೂ ಕಾಗದದಲ್ಲಿ ಅದೇ ಸುಳ್ಳು." ಎಡಗೈಯಿಂದ ಬಲಗೈಯನ್ನು ತೊಡೆಯ ಮೇಲೆ ಎಳೆದುಕೊಂಡರು. "ಎರಡನೇ ಸಲ ಬಾರಿಸಿದಾಗ್ಲೇ ನಂಗೆ ಗೊತ್ತಾಯ್ತು ಶಿಫ್ರಾ. ಅವನೇ ಅಂತ, ಜೀವದ ಮಾತು ಅಂತ. ಆ ಗಡ್ಡದವನು ನೋಡ್ತಿದ್ದ. ಎತ್ತಿದ್ರೆ ಯಾರು ಏನು ಅಂತ ಹೇಳಬೇಕಾಗಿತ್ತು. ಬೀಗ ಹಾಕಿಬಿಡ್ತಾರೆ ಅಂತ ಹೆದರಿದೆ. ನಿನ್ನನ್ನೂ ಏಳೋಕೆ ಬಿಡಲಿಲ್ಲ."

ನಾನು ನನ್ನ ಮಣಿಕಟ್ಟನ್ನು ನೋಡಿಕೊಂಡೆ.

"ಶನಿವಾರ ನಕ್ಷತ್ರ ಕಂಡ ಮೇಲೆ ಆ ಗಡ್ಡದವನನ್ನೇ ಕೇಳಿದೆ, ಜೀವಕ್ಕೆ ಅಪಾಯ ಅನ್ನೋ ಅನುಮಾನ ಇದ್ರೆ ಫೋನ್ ಎತ್ತಬಹುದಾ ಅಂತ. ಏನಂದ ಗೊತ್ತಾ? 'ಎತ್ತಲೇಬೇಕು, ನಾನಾಗಿದ್ರೆ ಓಡಿಹೋಗಿ ಎತ್ತುತ್ತಿದ್ದೆ' ಅಂದ. ಒಳ್ಳೆಯವನು ಪಾಪ."

ನಾಲ್ಕನೆಯ ಕಾಗದವನ್ನು ಅವರು ಹೇಳಿದರು, ನಾನು ಬರೆದೆ. ಅದರಲ್ಲಿ 'ನೋಯಿಸಿದ್ದರೆ' ಎಂಬ ಮಾತಿರಲಿಲ್ಲ. ಕೇಳಿಸಿತು, ಗೊತ್ತಾಯಿತು, ಎತ್ತಲಿಲ್ಲ ಎಂದಿತ್ತು.

ಹನ್ನೊಂದನೆಯ ದಿನ ಉತ್ತರ ಬಂತು. ಶುಕ್ರವಾರ. ಕೆಲಸ ಮುಗಿಸಿ, ಒಡೆಯದೆಯೇ ತೆಗೆದುಕೊಂಡು ಹೋದೆ. ಬ್ಲೂಮಾ ಕಿಟಕಿಯ ಪಕ್ಕ ಕೂತಿದ್ದರು. ಗಟ್ಟಿಯಾಗಿ ಓದಿದೆ.

"ತೆತ್ಕಾ, ನೀವು ಬರೆದದ್ದು ನನಗೆ ಹೊಸದಲ್ಲ. ನಾನು ಅವತ್ತು ಹಿಂಬಾಗಿಲ ಕಿಟಕಿಯ ಆಚೆ ನಿಂತು ಮೊಬೈಲಿನಿಂದ ಫೋನ್ ಮಾಡುತ್ತಿದ್ದೆ. ಬರಬೇಡ ಅಂದಿದ್ದಿರಿ, ಅದಕ್ಕೇ ಒಳಗೆ ಬರಲಿಲ್ಲ. ಎರಡನೆಯ ಸಲ ನೀವು ಫೋನಿನ ಕಡೆ ನೋಡಿದಿರಿ. ಮೂರನೆಯ ಸಲ ತಟ್ಟೆ ನೋಡಿದಿರಿ. ಬಾಗಿಲು ನನ್ನಿಂದ ಮೂರು ಹೆಜ್ಜೆ. ಬಡಿದಿದ್ದರೆ ತೆರೆಯುತ್ತಿದ್ದಿರಿ, ಅದು ನನಗೆ ಗೊತ್ತಿತ್ತು. ಬಡಿಯಲಿಲ್ಲ. ನೀವಾಗಿಯೇ ಏಳುತ್ತೀರಾ ನೋಡೋಣ ಅಂತ ಹಟ ಹಿಡಿದು ನಿಂತೆ, ಆಮೇಲೆ ಸಿಟ್ಟಿನಲ್ಲಿ ಹೊರಟುಹೋದೆ. ಅಮ್ಮ ಆ ಹಟದಲ್ಲಿ ಹೋದಳು. ನಿಮ್ಮನ್ನು ಯಾವತ್ತೋ ಮನ್ನಿಸಿಬಿಡಬಹುದಿತ್ತು. ಮನ್ನಿಸಿದರೆ ಉಳಿಯುವ ತಪ್ಪು ನನ್ನದೊಂದೇ. ಅದಕ್ಕೇ ಬರೆಯಲಿಲ್ಲ."

ಕೆಳಗೆ ಹೆಸರು, ಫೋನ್ ನಂಬರು. ಬೇರೇನೂ ಇರಲಿಲ್ಲ.

ಬ್ಲೂಮಾ ಕಿಟಕಿಯ ಆಚೆ ನೋಡಿದರು. ಆಮೇಲೆ ಕೇಳಿದರು, "ಅವತ್ತು ಹೊರಗೆ ಹಿಮ ಬೀಳ್ತಿತ್ತಲ್ವಾ?"

"ಹೌದು."

"ಟೋಪಿ ಹಾಕ್ಕೊಂಡಿದ್ನೋ ಇಲ್ವೋ."

ಮತ್ತೊಮ್ಮೆ ಓದು ಅಂದರು, ಓದಿದೆ. ಮತ್ತೊಮ್ಮೆ ಅಂದರು. ನಾಲ್ಕನೆಯ ಸಲ ಮುಗಿಸುವಾಗ ಹೊರಗೆ ಹೊತ್ತು ಮುಳುಗಿತ್ತು. ಆಶ್ರಮದವರು ಮೇಜಿನ ಮೇಲೆ ಹಚ್ಚಿಟ್ಟು ಹೋದ ಎರಡು ದೀಪ ಉರಿಯುತ್ತಿದ್ದವು.

"ಫೋನ್ ಮಾಡು" ಅಂದರು.

"ಬ್ಲೂಮಾ, ಸಬ್ಬತ್ತು ಶುರುವಾಗಿದೆ."

"ಕಣ್ಣು ಹೋಗಿಲ್ಲ ನಂದು. ಮಾಡು. ಇದೂ ಜೀವದ ಮಾತೇ."

ಎಪ್ಪತ್ತು ದಾಟಿದ ಹೆಂಗಸು, ತಂದೆ ಸತ್ತ ಸುದ್ದಿಗೂ ಸಬ್ಬತ್ತಿನಲ್ಲಿ ಫೋನ್ ಮುಟ್ಟದವರು. ನನ್ನ ಫೋನ್ ತೆಗೆದು ನಂಬರು ಒತ್ತಿ ಅವರ ಎಡಗೈಗೆ ಕೊಟ್ಟೆ. ಎರಡು ಸಲ ಗಂಟೆ ಹೊಡೆದ ಮೇಲೆ "ನಿಲ್ಲಿಸು" ಅಂದರು. ನಿಲ್ಲಿಸಿದೆ. ಮತ್ತೆ ಎರಡು ಸಲ ಹೊಡೆಯಿತು, ಮತ್ತೆ ನಿಲ್ಲಿಸಿದೆ. ಮೂರನೆಯ ಸಲ ಅವರು ಕಿವಿಗೆ ಒತ್ತಿ ಹಿಡಿದುಕೊಂಡರು. ಆ ಕಡೆ ಗಂಟೆ ಹೊಡೆಯುವುದು ನನಗೂ ಕೇಳಿಸುತ್ತಿತ್ತು. ಹೊಡೆಯಿತು, ಹೊಡೆಯಿತು, ತಾನಾಗಿಯೇ ನಿಂತಿತು.

"ಇನ್ನೊಂದು ಸಲ ಮಾಡ್ಲಾ?" ಅಂದೆ.

"ಬೇಡ." ಫೋನನ್ನು ಮಡಿಲಲ್ಲಿಟ್ಟುಕೊಂಡು ಅದರ ಮೇಲೆ ಕೈ ಮುಚ್ಚಿದರು. "ಅವನ ಮನೇಲೂ ಯಾರೋ ಅತಿಥಿಗಳಿರಬೇಕು."