ನಾನು ಕೊಡದ ಮುಡಿ

ಡೆಂಗಿ ಜ್ವರ ಬಂದು ನಾನು ಮೈಸೂರಿನ ಆಸ್ಪತ್ರೆಯಲ್ಲಿ ಮಲಗಿದ್ದಾಗ, ನನ್ನ ಅವ್ವ ನರಸೀಪುರದ ನಮ್ಮ ಮನೆಯಲ್ಲಿ ಕುಳಿತು, ಮಗ ಬದುಕಿದರೆ ಅವನ ಮುಡಿ ಕೊಡಿಸುತ್ತೇನೆಂದು ನಂಜುಂಡೇಶ್ವರನಿಗೆ ಹರಕೆ ಹೊತ್ತಿದ್ದಳು. ನಾನು ಬದುಕಿದೆ. ಆದರೆ ಮೂರು ತಿಂಗಳೊಳಗೆ ಕೂದಲು ದೇವರ ಅಪ್ಪಣೆಗೂ ಕಾಯದೆ ಬಾಚಣಿಗೆಯ ದಾರಿ ಹಿಡಿಯಿತು.

ಐವತ್ತೆರಡು ವರ್ಷದ, ಹೈಸ್ಕೂಲಿನಲ್ಲಿ ಪಾಠ ಹೇಳುವ ಗೃಹಸ್ಥನೊಬ್ಬ ಇದಕ್ಕಾಗಿ ಅಳಬಾರದು. ನಾನು ಅತ್ತೆನೆಂದು ಹೇಳುತ್ತಲೂ ಇಲ್ಲ. ಊರಿನವರ ಕಣ್ಣು ತಪ್ಪಿಸಿ ನಂಜನಗೂಡಿನ ಚರ್ಮದ ಡಾಕ್ಟರ ಬಳಿ ಹೋದೆ, ಅಷ್ಟೆ. ಅವರು ರಕ್ತ ಪರೀಕ್ಷೆ ಮಾಡಿಸಿದರು. ಜ್ವರಕ್ಕೆ ಉದುರಿದ್ದು ತಾನಾಗಿ ಬರುತ್ತದೆ, ವಂಶದಿಂದ ಬಂದ ಬೋಳುತನಕ್ಕೆ ಔಷಧಿ ಬೇಕು, ನಿಮಗೆ ಎರಡೂ ಇವೆ ಎಂದು ತೀರ್ಪು ಕೊಟ್ಟರು. ನನ್ನದೇ ರಕ್ತ ತೆಗೆದು ನನ್ನ ತಲೆಗೇ ಚುಚ್ಚುವ ಚಿಕಿತ್ಸೆಯೊಂದನ್ನೂ ವಿವರಿಸಿದರು. ಅಂಥ ಬಲಿದಾನಕ್ಕೆ ನಾನು ಸಿದ್ಧನಿರಲಿಲ್ಲ. ದಿನಕ್ಕೆರಡು ಸಲ ನೆತ್ತಿಗೆ ಹಚ್ಚುವ ಲೋಷನ್ನು ತಂದು ಬೀರುವಿನಲ್ಲಿ ಪಂಚೆಗಳ ಹಿಂದೆ ಬಚ್ಚಿಟ್ಟೆ.

ಐದನೆಯ ತಿಂಗಳು ನೆತ್ತಿಯ ಮೇಲೆ ಹಸುಗೂಸಿನಂಥ ನವಿರು ಕೂದಲು ಕಾಣಿಸಿತು. ಅದೇ ವಾರ ಅವ್ವ, "ಸೋಮವಾರ ಮುಡಿ ಕೊಟ್ಬುಡು ಮಗ" ಎಂದಳು. ಶಾಲೆಯಲ್ಲಿ ಪರೀಕ್ಷೆ ಎಂದೆ. ಮುಂದಿನ ಸೋಮವಾರ ನೆಗಡಿ ಎಂದೆ. ಆಮೇಲಿನದಕ್ಕೆ ನೆವ ಹುಟ್ಟಲಿಲ್ಲ. ಬೋಳಿಸಿದರೆ ಎಳೆ ಕೂದಲು ಬುಡಸಮೇತ ಹೋಗುತ್ತದೆಂದೇ ನಂಬಿದ್ದೆ. ಡಾಕ್ಟರನ್ನು ಕೇಳೋಣವೆಂದರೆ ಅವರ ಮುಂದೆ ಹರಕೆಯ ಮಾತೆತ್ತಲು ಸಂಕೋಚ.

ಅವ್ವನ ಜೊತೆ ನಂಜನಗೂಡಿಗೆ ಹೋಗಿ, ಕಪಿಲೆಯ ದಂಡೆಯಲ್ಲಿ ಮುಡಿ ತೆಗೆಯುವವನ ಮುಂದೆ ಕುಳಿತು ಮೆಲ್ಲಗೆ, "ಮೂರು ಕತ್ತರಿ ಹಾಕಿದ್ರೆ ಸಾಲ್ದಾ?" ಎಂದೆ.

ಅವನು ಬ್ಲೇಡು ಬದಲಿಸುತ್ತ, "ಸಾ, ಮೂರ್ ಕತ್ತರಿ ಎಂಗಸ್ರಿಗೆ ಕಣ್ರೀ. ಜಡೆ ಅದಾ ನಿಮ್ಗೆ?" ಎಂದ. ಸಾಲಿನಲ್ಲಿದ್ದವರು ನಕ್ಕರು.

ಅವ್ವ ನಗಲಿಲ್ಲ. "ಏಳ್ಲಾ ಮ್ಯಾಕೆ" ಎಂದು ನನ್ನನ್ನು ಎಬ್ಬಿಸಿ ತಾನು ಕುಳಿತು ತುರುಬು ಬಿಚ್ಚಿದಳು. "ಅರಕೆ ಒತ್ಕಂಡೋಳು ನಾನು. ನಂದೇ ತಕ್ಕಳಪ್ಪ, ಪೂರ್ತಿ."

"ಬ್ಯಾಡ ಕಣವ್ವ."

"ಸುಮ್ಕಿರು. ಬೀರುನಾಗಿನ್ ಸೀಸೆ ನಾನ್ ಕಂಡಿಲ್ವಾ? ಅಷ್ಟ್ ಕಷ್ಟಪಟ್ಟು ಬೆಳೆಸ್ತಾ ಇದ್ದೀಯ. ನನ್ನನ್ನೇನು ಎಣ್ಣು ನೋಡಕ್ ಯಾರೂ ಬರಕಿಲ್ಲ."

ಎಪ್ಪತ್ತೆಂಟು ವರ್ಷದವಳ ಬಿಳಿ ಕೂದಲು ಅವಳ ಮಡಿಲಿಗೆ ಬಿತ್ತು. ನಾನು ಅವಳ ಚೀಲ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಗಾಳಿಗೆ ಕೆದರದಂತೆ ನನ್ನ ಇನ್ನೊಂದು ಕೈ ನನ್ನ ನೆತ್ತಿಯ ಮೇಲೇ ಇತ್ತು. ಅದನ್ನು ಅಲ್ಲಿಂದ ತೆಗೆಯಬೇಕೆಂದು ಹೊಳೆದದ್ದು ತಡವಾಗಿ.

ಮುಂದಿನ ಸಲ ಹೋದಾಗ ಧೈರ್ಯ ಮಾಡಿ ಡಾಕ್ಟರನ್ನು ಕೇಳಿದೆ.

"ಬೋಳಿಸಿದ್ರೆ ಬೇರಿಗೇನೂ ಆಗಲ್ಲ ಮೇಷ್ಟ್ರೇ. ಎರಡು ದಿನ ಬಿಟ್ಟು ಮತ್ತೆ ಹಚ್ಕೊಂಡ್ರೆ ಆಯ್ತು" ಎಂದರು.

ಮನೆಗೆ ಬಂದಾಗ ಅವ್ವ ತಲೆತುಂಬ ಸೆರಗು ಹೊದ್ದು ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು.

"ಡಾಕ್ಟ್ರು ಏನಂದ್ರು?"

"ಬೋಳಿಸ್ದೇ ಇದ್ದದ್ದು ಒಳ್ಳೇದಾಯ್ತು ಅಂದ್ರು."

"ನಾನೇಳ್ಲಿಲ್ವಾ" ಎಂದು ಅವ್ವ ಸಮಾಧಾನದಿಂದ ಮುಂದಿನ ಕಾಯಿ ಎತ್ತಿಕೊಂಡಳು.